ಹಾಲುಕ್ಕಿಸಿದ ಗಾಡಿ

ನಮ್ಮ ಮನೆಯ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಲು ಜಾಗವೇ ಇರಲಿಲ್ಲ. ಒಳಗಡೆ ಮೊಣಕೈ ದಪ್ಪದ ಅಗುಳಿ, ಮೇಲೊಂದು ಕೆಳಗೊಂದು ಚಿಲಕ. ಹೊರಗಡೆ ಬರೀ ಹಲಸಿನ ಹಲಗೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನಿದನ್ನು ಗಮನಿಸಿರಲಿಲ್ಲ. ನಾನು ಚಿಕ್ಕಮಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳೆದವಳು. ಅಲ್ಲಿ ಸಿನಿಮಾಕ್ಕೆ ಹೋಗುವಾಗ ಬೀಗ ಜಡಿದು, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಹೋಗುತ್ತಿದ್ದೆವು. ಬಾಳೂರಿನ ಈ ತೋಟದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಗೆ ಹೋಗುವುದು ಎಂಬುದೇ ಇಲ್ಲವೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಒಬ್ಬರು ಇರಬೇಕು. ಅದು ಈ ಮನೆಯ ಕಾನೂನು. ಸಂಜೆ ದೀಪ ಹಚ್ಚುವುದಕ್ಕೆ ಒಬ್ಬರು, ರಾತ್ರಿ ಅಗುಳಿ ಹಾಕುವುದಕ್ಕೆ ಒಬ್ಬರು. ಹಿಂದೆ ಇದಕ್ಕೆ ಕಾರಣ ಇದ್ದಿರಬೇಕು: ಕಣದಲ್ಲಿ ಹರಡಿದ ಕಾಫಿ, ಕೊಟ್ಟಿಗೆಯಲ್ಲಿ ದನ, ಅಟ್ಟದಲ್ಲಿ ಏಲಕ್ಕಿ. ಈಗ ಕೊಟ್ಟಿಗೆಯಲ್ಲಿ ಜೀಪು ನಿಲ್ಲುತ್ತದೆ, ಕಾಫಿ ಒಣಗಿದ ತಕ್ಷಣ ಕ್ಯೂರಿಂಗ್ ಕಾರ್ಖಾನೆಗೆ ಹೋಗುತ್ತದೆ, ಅಟ್ಟದಲ್ಲಿ ಹಳೆ ಹಾಸಿಗೆಗಳ ಹೊರತು ಏನೂ ಇಲ್ಲ. ಆದರೂ ಒಬ್ಬರು ಇರಬೇಕು. ಮದುವೆಗೆ ಇವರು ಹೋದರೆ ನಾನು ಮನೆಯಲ್ಲಿ, ತಿಥಿಗೆ ನಾನು ಹೋದರೆ ಇವರು ಮನೆಯಲ್ಲಿ. ನಾನೂ ನನ್ನ ಗಂಡನೂ ಮನೆಯಿಂದ ಹೊರಗೆ ಒಂದೇ ಒಂದು ರಾತ್ರಿಯೂ ಜೊತೆಯಾಗಿ ಉಳಿದವರಲ್ಲ.

ಅತ್ತೆ ಇದ್ದಾರಲ್ಲ ಎಂದು ಕೇಳಬಹುದು. ಮಾವ ತೀರಿಕೊಂಡ ಮೇಲೆ ಅತ್ತೆ ಒಮ್ಮೆ ಬಚ್ಚಲು ಮನೆಯಲ್ಲಿ ತಲೆ ತಿರುಗಿ ಬಿದ್ದರು. ಅವರನ್ನು ಕೇಳಿದರೆ ತಲೆ ತಿರುಗಿದ್ದೇ ಅಲ್ಲ, ಕಲ್ಲು ಪಾಚಿ ಕಟ್ಟಿತ್ತು. ಏನೇ ಇರಲಿ, ಅಂದಿನಿಂದ ಅವರನ್ನು ರಾತ್ರಿ ಒಂಟಿಯಾಗಿ ಬಿಟ್ಟು ಹೋಗಲು ಮಗ ಒಪ್ಪುವುದಿಲ್ಲ. ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ, "ನಾನು ಜಗಲೀಲಿ ಮಲಗ್ತೀನಿ, ನೀವು ಹೋಗ್ಬನ್ನಿ" ಅಂದರೆ ಅತ್ತೆ, "ನಿಂಗೂ ಮನೆ ಮಠ ಇಲ್ವಾ? ಅಲ್ಲಿ ಯಾರು ದೀಪ ಹಚ್ಚೋದು?" ಎಂದು ಕಳಿಸಿಬಿಡುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಗುಳಿ ಎಳೆಯುವ ಸದ್ದು ಕೇಳುತ್ತದೆ. ಅದು ಅವರ ಕೈಯದೇ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ.

ನನಗೆ ಬೇಕಾಗಿದ್ದು ಕಾಶಿಯಾತ್ರೆ ಅಲ್ಲ. ನಮ್ಮ ಕಣದ ಅಂಚಿನಲ್ಲಿ ನಿಂತರೆ ಕಣಿವೆಯಾಚೆ, ಕಳಸದ ಕಡೆಗೆ, ನೆತ್ತಿ ಬೋಳಾದ ಒಂದು ಹುಲ್ಲಿನ ಗುಡ್ಡ ಕಾಣುತ್ತದೆ. ಬಟ್ಟೆ ಒಣಹಾಕುವಾಗ, ಮೆಣಸು ಕೆದಕುವಾಗ, ಏನು ಮಾಡುವಾಗಲೂ ಅದು ಎದುರಿಗೆ ಇರುತ್ತದೆ. ಒಂದು ರಾತ್ರಿ ಇವರ ಜೊತೆ ಅಲ್ಲಿರಬೇಕು, ಅಲ್ಲಿಂದ ನಮ್ಮ ಮನೆ ಹೇಗೆ ಕಾಣುತ್ತದೆ ನೋಡಬೇಕು, ಬೆಳಗ್ಗೆ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಯಾರೂ ಆಳಿನ ಲೆಕ್ಕ ಕೇಳಿಕೊಂಡು ನಿಂತಿರಬಾರದು. ಇಷ್ಟೇ. ಇದನ್ನು ಹೇಳಿದಾಗಲೆಲ್ಲ ಇವರು, "ಹೋಗಣ ಮಾರಾಯ್ತಿ, ಕುಯ್ಲು ಮುಗೀಲಿ" ಅನ್ನುತ್ತಿದ್ದರು. ಕುಯ್ಲು ಮುಗಿದರೆ ಮೆಣಸು, ಮೆಣಸು ಮುಗಿದರೆ ಕಾಫಿ ಹೂವರಳಿಸುವ ಹೂಮಳೆ ಕಾಯುವುದು, ಹೂಮಳೆ ಬಂದರೆ ಗೊಬ್ಬರ.

ಆ ಗಾಡಿ ಬಂದದ್ದು ಹೀಗೆ. ಗೋಣಿಬೀಡಿನ ಹತ್ತಿರ ಹೋಮ್‌ಸ್ಟೇ ಮಾಡಿದ್ದ ಒಬ್ಬರು ಪ್ರವಾಸಿಗರಿಗೆಂದು ಅದನ್ನು ತರಿಸಿದ್ದರು. ಜೀಪಿನ ಹಿಂದೆ ಸಿಕ್ಕಿಸಿ ಎಳೆಯುವ, ಎರಡೇ ಚಕ್ರದ, ತಗಡಿನ ಪುಟ್ಟ ಮನೆ. ಒಳಗೆ ಇಬ್ಬರು ಮಲಗುವ ಹಾಸಿಗೆ, ಕಿಟಕಿಯ ಪಕ್ಕ ಒಬ್ಬರು ಕಾಲು ಮಡಚಿ ಮಲಗಬಹುದಾದ ಬೆಂಚು, ಒಂದು ಗ್ಯಾಸ್ ಒಲೆ, ಗೋಡೆಗೆ ಮಡಚಿಡುವ ಮೇಜು. ಬಂದ ಪ್ರವಾಸಿಗರು ಅದರ ಮುಂದೆ ಫೋಟೋ ತೆಗೆಸಿಕೊಂಡು, ಮಲಗುವುದಕ್ಕೆ ಕಾಂಕ್ರೀಟ್ ರೂಮನ್ನೇ ಕೇಳುತ್ತಿದ್ದರಂತೆ. ಇವರು ಏನೋ ಪೈಪು ನೋಡಲು ಹೋದವರು ಅದನ್ನು ಜೀಪಿಗೆ ಕಟ್ಟಿಕೊಂಡು ಬಂದರು. ನನಗಾಗಿ ತಂದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. "ಸಿಕ್ತು, ತಂದೆ" ಅಂದರು. ನನಗೆ ಖುಷಿಯಾಯಿತು. ಎಷ್ಟೆಂದರೆ, ಅದರ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎಡವಟ್ಟು ಆದದ್ದು ಮಾರನೆಯ ದಿನ. ಅತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಾಸಿಗೆ ಒತ್ತಿ ನೋಡಿದರು. ಒಲೆ ನೋಡಿದರು. "ಒಲೆ ಐತೆ, ಹಾಸಿಗೆ ಐತೆ, ಬಾಗ್ಲು ಐತೆ. ಹಾಲು ಉಕ್ಕಿಸ್ದೆ ಇದ್ರಲ್ಲಿ ಹೆಂಗೆ ಮಲಗ್ತೀರಾ?" ಅಂದರು. ಹೊಸ ಮನೆ ಹೊಕ್ಕಾಗ ಮಾಡುವ ಶಾಸ್ತ್ರ ಇದಕ್ಕೂ ಆಗಲಿ, ಅದರಲ್ಲೇನು ಎಂದು ನಾವಿಬ್ಬರೂ ಒಪ್ಪಿದೆವು. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆ. ಅತ್ತೆ ಹೊಸ ಪಾತ್ರೆಯಲ್ಲಿ ಬಾಯಿವರೆಗೂ ಹಾಲು ಸುರಿದು ಒಲೆಯ ಮೇಲಿಟ್ಟರು. ಅದು ಇರುವುದೇ ಅಂಗೈ ಅಗಲದ ಒಲೆ. ಹಾಲು ಉಕ್ಕಿತು, ಉಕ್ಕಿ, ಒಲೆ ಆರಿಸಿ, ಸ್ಟೀಲ್ ತಟ್ಟೆಯ ಸಂದಿನಿಂದ ಕೆಳಗಿನ ಪ್ಲೈವುಡ್ಡಿನೊಳಗೆ ಇಳಿಯಿತು. ನಾವು ಕೈಮುಗಿದು ನಿಂತಿದ್ದೆವು.

ಅದಕ್ಕಿಂತ ದೊಡ್ಡ ಫಜೀತಿ ಬೇರೆ ಇತ್ತು. ಗಾಡಿಯನ್ನು ಮಟ್ಟ ಮಾಡಿ ನಿಲ್ಲಿಸಬೇಕೆಂದು ನಮಗಿನ್ನೂ ಗೊತ್ತಿರಲಿಲ್ಲ. ಕಣದ ಇಳಿಜಾರಿನಲ್ಲಿ ಅದು ಒಂದು ಕಡೆ ವಾಲಿತ್ತು, ಹಾಲು ಪೂರ್ವಕ್ಕೆ ಉಕ್ಕುವ ಬದಲು ನೇರವಾಗಿ ದಕ್ಷಿಣಕ್ಕೆ ಉಕ್ಕಿತ್ತು. ಅತ್ತೆಯ ಮುಖ ಸಪ್ಪಗಾಯಿತು. ಇವರು ಹೊರಗೆ ಹೋಗಿ ಗಾಡಿಯ ಮೂತಿ ಹಿಡಿದು ಕೈಯಲ್ಲೇ ತಿರುಗಿಸಿ ನಿಲ್ಲಿಸಿದರು. "ಈಗ ನೋಡಮ್ಮ. ಉಕ್ಕಿದ ಕಡೆ ಪೂರ್ವ ಆತಲ್ಲ" ಅಂದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಆಗ್ಬೌದು" ಅಂದರು.

ಹಾಲುಕ್ಕಿಸಿದ ಮೇಲೆ ಅದು ಮನೆಯಾಯಿತು. ಮನೆಯಾದ ಮೇಲೆ ಸಂಜೆ ಕತ್ತಲಿಡುವ ಹಾಗಿಲ್ಲ. ಅಂದಿನಿಂದ ಅತ್ತೆ ದೇವರ ಮುಂದೆ ದೀಪ ಹಚ್ಚಿ, ಇನ್ನೊಂದು ಪುಟ್ಟ ಹಣತೆಯನ್ನು ಸೆರಗಿನಲ್ಲಿ ಮರೆ ಮಾಡಿಕೊಂಡು ಕಣ ದಾಟಿ ಹೋಗಿ ಗಾಡಿಯ ಮಡಚುವ ಮೇಜಿನ ಮೇಲೆ ಇಟ್ಟು ಬರತೊಡಗಿದರು. ಮನೆ ಬಿಟ್ಟು ಹೋಗುವುದಕ್ಕೆಂದು ತಂದ ಗಾಡಿಗೆ ಕಾಯುವವರು ಬೇಕಾದರು. ಮೊದಲು ಒಂದು ಮನೆಗೆ ಒಬ್ಬರು ಬೇಕಿತ್ತು, ಈಗ ಎರಡಕ್ಕೆ. ಇವರಿಗೆ ನಗು. ನನಗೆ ಮೈಯೆಲ್ಲ ಉರಿಯಿತು.

ಆ ವರ್ಷದ ಮಳೆಗಾಲ ಕಳೆಯುವುದರೊಳಗೆ ಗಾಡಿ ಸಾಕುವುದು ಎಂದರೇನೆಂದು ತಿಳಿಯಿತು. ನಮ್ಮಲ್ಲಿ ಮಳೆ ಹಿಡಿದರೆ ಬೀರುವಿನ ಸೀರೆಗೂ ಬೂಷ್ಟು ಬರುತ್ತದೆ, ಇನ್ನು ತಗಡಿನ ಗೂಡಿನ ಗತಿ ಕೇಳಬೇಕೆ. ಗಾಡಿಯನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನೊಳಗೆ ತಳ್ಳಿ, ಟಯರ್ ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಎತ್ತಿಟ್ಟೆವು. ಬೀರುವಿಗೆ ಮಾಡುವ ಹಾಗೆ ಒಳಗೊಂದು ಬಲ್ಬು ಹಗಲೂ ರಾತ್ರಿ ಉರಿಸಿದೆವು. ಕಿಟಕಿಯ ರಬ್ಬರಿನ ಅಂಚು ಸಂದು ಬಿಡದಂತೆ ಗಮ್ಮು ತುಂಬಿದೆ. ಹಿಂದಿನ ಲೈಟಿನ ವೈರನ್ನು ಇಲಿ ಕಡಿಯಿತು. ಹೊಸದು ಹಾಕಿದರೆ ಅದನ್ನೂ ಕಡಿಯಿತು. ಚಕ್ರದ ಬೇರಿಂಗು ಬಿಚ್ಚಿ ಗ್ರೀಸ್ ತುಂಬುವುದನ್ನು ನಾನೇ ಕಲಿತೆ, ಏಕೆಂದರೆ ಇವರು ಅದನ್ನು ನಾಳೆ ನಾಡಿದ್ದು ಅನ್ನುತ್ತಲೇ ಇದ್ದರು. ಬಲ್ಬಿನ ಕಾವಿಗೆ ಇಡೀ ತೋಟದಲ್ಲಿ ಒಣಗಿದ ಜಾಗ ಅದೊಂದೇ ಆಯಿತು. ಅತ್ತೆ ಹಲಸಿನ ಹಪ್ಪಳದ ಡಬ್ಬಗಳನ್ನು ತಂದು ಒಂದೊಂದಾಗಿ ನಮ್ಮ ಹಾಸಿಗೆಯ ಮೇಲೆ ಜೋಡಿಸಿದರು.

ಹಾಲಿನ ಪ್ರತಾಪ ತಿಳಿದದ್ದು ಮಳೆ ಬಿಟ್ಟ ಮೇಲೆ. ಒಲೆಯ ಕೆಳಗೆ ಗೊದ್ದ ಇರುವೆಗಳ ಸಾಲು. ತಟ್ಟೆ ಎತ್ತಿದರೆ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಂಡು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮೂಡಿಗೆರೆಯ ಬಡಗಿ ಬಂದು ನೋಡಿ, "ಇದೆಂತ ಅಮ್ಮಾವ್ರೇ, ಹಸು ಕಟ್ಟಿದ್ರಾ ಇದ್ರಲ್ಲಿ?" ಎಂದು ಕೇಳಿದ. ಹಾಲು ಉಕ್ಕಿಸಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಹೌದು, ಕಟ್ಟಿದ್ವಿ. ನೀನು ಹಲಗೆ ಹಾಕು" ಅಂದರು.

ಕೊನೆಗೊಂದು ವರ್ಷ ಹೋಗುವುದು ನಿಕ್ಕಿಯಾಯಿತು. ಮೆಣಸು ಮುಗಿದಿತ್ತು, ಹೂಮಳೆಗೆ ಇನ್ನೂ ಹೊತ್ತಿತ್ತು. ಗೋಣಿಬೀಡಿಗೆ ಕೊಟ್ಟ ನನ್ನ ನಾದಿನಿ ಬಂದು ಅತ್ತೆಯ ಜೊತೆ ಒಂದು ರಾತ್ರಿ ಇರುವುದಾಗಿ ಒಪ್ಪಿದಳು. ಎದುರು ಗುಡ್ಡದ ಬುಡದ ತೋಟ ಇವರಿಗೆ ಪರಿಚಯದವರದು. ಗಾಡಿ ನಿಲ್ಲಿಸಿಕೊಳ್ಳಿ, ಆ ಕಡೆ ಆನೆ ಕಾಟ ಇಲ್ಲ ಅಂದಿದ್ದರು. ಮಧ್ಯಾಹ್ನದ ಬಸ್ಸಿಗೆ ನಾದಿನಿ ಬಂದಳು. ನಾವು ಹೊರಟೆವು.

ಸಾಮಾನು ಹೇರಿದ್ದು ಇವರು. ತೋಟದ ಟ್ರ್ಯಾಕ್ಟರಿಗೆ ಹೇರುವಾಗ ಹಿಂದಿನ ಹಲಗೆ ತೆಗೆದು ಕೈಗೆಟುಕಿದಲ್ಲಿ ಗೊಬ್ಬರದ ಮೂಟೆ ಎಸೆಯುವುದು ರೂಢಿ. ಅದೇ ಕೈಯಲ್ಲಿ ಇವರು ನೀರಿನ ಕ್ಯಾನು, ಗ್ಯಾಸಿನ ಸಿಲಿಂಡರು, ಅಕ್ಕಿ, ಜಾಕು, ಎಲ್ಲವನ್ನೂ ಗಾಡಿಯ ಹಿಂಭಾಗಕ್ಕೆ ತುಂಬಿದ್ದರು. ಮುಖ್ಯ ರಸ್ತೆಗೆ ಬಂದು ಮೊದಲನೆಯ ಇಳಿಜಾರು ಸಿಕ್ಕಿದ್ದೇ ಗಾಡಿ ಬಾಲ ಅಲ್ಲಾಡಿಸತೊಡಗಿತು. ಹಿಂದೆ ತಿರುಗಿ ನೋಡಿದರೆ ಒಮ್ಮೆ ಎಡಗಡೆ ಕಾಣುತ್ತದೆ, ಒಮ್ಮೆ ಬಲಗಡೆ. ಇವರು ಬ್ರೇಕ್ ಒತ್ತದೆ, ಬಾಯಲ್ಲಿ ಏನೋ ಗೊಣಗುತ್ತ, ನಿಧಾನ ಮಾಡಿಸಿ ಮಾಡಿಸಿ ಒಂದು ಮೋರಿಯ ಪಕ್ಕ ನಿಲ್ಲಿಸಿದರು. ಇಬ್ಬರೂ ಸೇರಿ ಎಲ್ಲವನ್ನೂ ಇಳಿಸಿ, ಭಾರದ್ದು ಮುಂದಕ್ಕೆ ಹಗುರದ್ದು ಹಿಂದಕ್ಕೆ ಎಂದು ಮತ್ತೆ ತುಂಬುವ ಹೊತ್ತಿಗೆ ಫೋನ್ ಬಂತು.

ನಾದಿನಿ. "ಅತ್ಗೆ, ಬೇಜಾರ್ ಮಾಡ್ಕೋಬೇಡಿ. ನಮ್ಮನೆಯವ್ರಿಗೆ ಇದ್ದಕ್ಕಿದ್ದ ಹಾಗೆ ಸಕಲೇಶಪುರಕ್ಕೆ ಹೋಗ್ಬೇಕಾಯ್ತಂತೆ. ಮನೇಲಿ ಯಾರೂ ಇಲ್ಲ. ಇನ್ನೊಂದು ಬಸ್ಸಿದೆ, ನಾನು ಹೊರಡ್ಲೇಬೇಕು" ಅಂದಳು.

ಅವಳ ತಪ್ಪೇನೂ ಇಲ್ಲ. ಅವಳ ಮನೆಗೂ ಒಬ್ಬರು ಬೇಕು. ಈ ಬೆಟ್ಟಗಳಲ್ಲಿ ಮನೆಗೊಬ್ಬರಂತೆ ಎಲ್ಲ ಕಡೆಯೂ ಒಬ್ಬೊಬ್ಬರು ಕೂತಿದ್ದಾರೆ. ಇನ್ನೊಬ್ಬರ ಮನೆ ಕಾಯಲು ಕಡ ಸಿಗುವವರು ಯಾರೂ ಇಲ್ಲ. ಇವರು ನನ್ನ ಮುಖ ನೋಡಿದರು. ನಾನು ಜೀಪು ಹತ್ತಿ ಕಿಟಕಿಯ ಕಡೆ ತಿರುಗಿ ಕೂತೆ. ಟ್ರೇಲರನ್ನು ಹಿಂದಕ್ಕೆ ತೆಗೆಯುವುದರಲ್ಲಿ ಇವರದು ಎತ್ತಿದ ಕೈ, ಟ್ರ್ಯಾಕ್ಟರು ಕಲಿಸಿದ್ದು. ಆ ಸಣ್ಣ ರಸ್ತೆಯಲ್ಲಿ ಒಂದೇ ಸಲಕ್ಕೆ ಜೀಪನ್ನೂ ಗಾಡಿಯನ್ನೂ ಮನೆಯ ಕಡೆ ತಿರುಗಿಸಿಬಿಟ್ಟರು. ಅಷ್ಟು ಸಲೀಸಾಗಿ ತಿರುಗಿಸಿದ್ದು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಆ ರಾತ್ರಿ ಗಾಡಿಯಲ್ಲೇ ಮಲಗುತ್ತೇನೆ ಎಂದು ನಾನು ಹಟ ಹಿಡಿದೆ. ಗಾಡಿ ಕಣದಲ್ಲಿ ನಿಂತಿತು. ನಮ್ಮ ಮೊದಲನೆಯ ಕ್ಯಾಂಪಿಂಗು ಮನೆಯಿಂದ ಒಂದು ಕೂಗಿನ ದೂರದಲ್ಲಿ ನಡೆಯಿತು. ನಾನು ಒಲೆ ಹಚ್ಚಿ ಉಪ್ಪಿಟ್ಟು ಮಾಡಿದೆ. ತಟ್ಟೆಗೆ ಹಾಕುವಷ್ಟರಲ್ಲಿ ಜಗಲಿಯಿಂದ ಅತ್ತೆಯ ದನಿ, "ಮೊಸರು ಬೇಕಾ?" ಸ್ವಲ್ಪ ಹೊತ್ತಿಗೆ, "ಕಂಬಳಿ ಸಾಕಾ?" ಅದಾದ ಮೇಲೆ ಅಗುಳಿ ಬೀಳಲಿಲ್ಲ, ಮಗ ಸೊಸೆ ಹೊರಗಿದ್ದಾರಲ್ಲ, ಅವರು ಅಗುಳಿ ಹಾಕದೆ ಕಾದು ಕೂತಿದ್ದರು. ಇವರಿಗೆ ಅದು ಗೊತ್ತಾಗಿ, "ಅಮ್ಮ ಮಲಗಲ್ಲ, ನಡಿ" ಅಂದರು. ದಿಂಬು ಎತ್ತಿಕೊಂಡು ಒಳಗೆ ಬಂದೆವು. ಅಗುಳಿ ಬಿತ್ತು.

ಆಮೇಲೆ ಗಾಡಿಯ ಸುದ್ದಿ ಎತ್ತುವುದನ್ನೇ ನಾನು ಬಿಟ್ಟೆ. ಗ್ರೀಸ್ ಹಾಕುವುದನ್ನು ಬಿಡಲಿಲ್ಲ, ಕೈಗೆ ಅಭ್ಯಾಸವಾಗಿತ್ತು. ಹೀಗಿರುವಾಗ ಕೊಟ್ಟಿಗೆಹಾರದ ಕಡೆಯವರೊಬ್ಬರು ಬಂದರು. ಅವರಿಗೆ ರಸ್ತೆ ಬದಿ ಟೀ ಅಂಗಡಿ ಮಾಡಲು ಇಂಥದ್ದು ಬೇಕಿತ್ತು. ಗಾಡಿಯನ್ನು ತಟ್ಟಿ ನೋಡಿದರು, ಬಗ್ಗಿ ಆಕ್ಸಲ್ ನೋಡಿದರು, ಒಳ್ಳೆ ಇಟ್ಕೊಂಡಿದೀರಿ ಅಂದರು. ಇವರು ಅರ್ಧ ಮನಸ್ಸು ಮಾಡಿದ್ದರು. "ನಿಂತಲ್ಲೇ ತುಕ್ಕು ಹಿಡಿಯೋದಕ್ಕಿಂತ ಯಾರಾದ್ರೂ ಬಳಸ್ಲಿ" ಎಂದು ನನಗೆ ಹೇಳಿದರು. ಆಗಲಿ ಅಂದೆ. ಅವರಿಗೆ ಕಾಫಿ ಕೊಡಲು ಬಂದ ಅತ್ತೆ ಲೋಟ ಕೆಳಗಿಟ್ಟು ನಿಂತರು.

"ಹಾಲುಕ್ಕಿಸಿದ ಮನೆ ಮಾರ್ತೀರಾ?"

ಬಂದವರು ಕಾಫಿ ಕುಡಿದು, ಆಮೇಲೆ ಫೋನ್ ಮಾಡ್ತೀನಿ ಎಂದು ಹೊರಟರು. ಅವರ ಬೈಕು ಗೇಟು ದಾಟುವವರೆಗೆ ನಾನು ತಡೆದುಕೊಂಡಿದ್ದೆ. ದಾಟಿದ ಮೇಲೆ ತಡೆಯಲಿಲ್ಲ.

"ಮಾರಬಾರದು. ತಗೊಂಡು ಹೋಗಬಾರದು. ಕತ್ತಲಿಡಬಾರದು. ಮತ್ತೆ ಇಟ್ಕೊಂಡು ಉಪ್ಪಿನಕಾಯಿ ಹಾಕೋದಾ ಅತ್ತೆ?" ಅಂದೆ. "ನಂಗೆ ಇವ್ರ ಜೊತೆ ಒಂದು ದಿನ ಹೊರಗೆ ಇರ್ಬೇಕು. ಒಂದೇ ದಿನ. ಅಷ್ಟು ಕೇಳಿದ್ದು ನಾನು. ಈ ಮನೆಗೆ ಬಂದಾಗಿಂದ ಅದೊಂದೇ ಕೇಳಿದ್ದು."

ನನ್ನ ದನಿ ಒಡೆದುಹೋಯಿತು. ನನಗದು ಇಷ್ಟವಾಗಲಿಲ್ಲ. ಇವರು ಎದ್ದು ಜೀಪಿನ ಬಾನೆಟ್ ತೆರೆದು ಅದರೊಳಗೆ ತಲೆ ಹಾಕಿದರು. ಅತ್ತೆ ಖಾಲಿ ಲೋಟಗಳನ್ನು ಎತ್ತಿಕೊಂಡರು. ಒಳಗೆ ಹೋಗುತ್ತ, ಮೆಲ್ಲಗೆ, "ನಾನು ಅದನ್ನೂ ಕೇಳಿದ್ದಿಲ್ಲ ನೋಡು" ಅಂದರು. ಬೈದರೋ, ಸುಮ್ಮನೆ ಹೇಳಿದರೋ ತಿಳಿಯಲಿಲ್ಲ. ಮಾವನೊಡನೆ ಅವರು ಎಲ್ಲಿಗೂ ಹೋದವರಲ್ಲ. ಮಾವ ಮೂಡಿಗೆರೆಗೆ, ಚಿಕ್ಕಮಗಳೂರಿಗೆ, ಒಮ್ಮೆ ತಿರುಪತಿಗೆ. ಅತ್ತೆ ಮನೆಯಲ್ಲಿ. ಇದು ನನಗೆ ಗೊತ್ತಿದ್ದದ್ದೇ. ಅಂದಿನವರೆಗೆ ಅದನ್ನು ಯೋಚಿಸಿರಲಿಲ್ಲ.

ಹೂಮಳೆ ಬಂತು. ತೋಟವೆಲ್ಲ ಬೆಳ್ಳಗಾಗಿ, ಆ ವಾಸನೆಗೆ ತಲೆ ಭಾರವಾಗಿ, ಹೂ ಕಂದಿ ಉದುರಿತು. ಮುಂದಿನ ಮಳೆಗೆ ಇನ್ನೂ ಸ್ವಲ್ಪ ದಿನ ಇತ್ತು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಅತ್ತೆ ಮಗನಿಗೆ, "ಪೇಟೆಗೆ ಹೋದ್ರೆ ಒಂದು ಬೀಗ ತಾ" ಅಂದರು.

"ಯಾವ್ದಕ್ಕಮ್ಮ?"

"ಈ ಬಾಗ್ಲಿಗೆ."

ಇವರು ಲೋಟ ಕೆಳಗಿಟ್ಟರು. ಅತ್ತೆ ತಮ್ಮ ಪಾಡಿಗೆ ಹೇಳುತ್ತ ಹೋದರು. "ದೀಪ ಇರೋ ಕಡೆ ಮನೆ. ಗಾಡೀಗೂ ಹಾಲು ಉಕ್ಕಿಸೈತೆ. ಅದ್ರಲ್ಲಿ ದೀಪ ಹಚ್ಚಿದ್ರೂ ಹಚ್ಚಿದ ಹಾಗೇ ಅಲ್ವಾ? ನಾನೂ ಬರ್ತೀನಿ. ಒಂದು ದಿನ ಈ ಮನೆ ಮುಚ್ಚಿರ್ಲಿ."

ನಿಜ ಹೇಳಬೇಕೆಂದರೆ, ನನಗೆ ಮೊದಲು ಸಿಟ್ಟೇ ಬಂದದ್ದು. ಇಬ್ಬರು ಹೋಗಬೇಕೆಂದು ಇಷ್ಟು ವರ್ಷ ಕಾದದ್ದು, ಈಗ ಮೂವರು. ಇದ್ದ ಒಂದೇ ಆಸೆಯೂ ಅವರ ಸೆರಗಿನ ಗಂಟಿಗೆ ಹೋಯಿತಲ್ಲ ಎಂದುಕೊಂಡೆ. ಆದರೆ ಬೇಡ ಅನ್ನುವ ಮಾತು ನನ್ನ ಬಾಯಿಂದ ಹೊರಡುವ ಹಾಗಿರಲಿಲ್ಲ.

ಬೀಗ ಬಂತು. ಹಾಕುವುದಕ್ಕೆ ಹೊರಗೆ ಚಿಲಕ ಇಲ್ಲವೆಂದು ಆಗ ಇವರ ನೆನಪಿಗೆ ಬಂತು. ಮತ್ತೆ ಮೂಡಿಗೆರೆಗೆ ಹೋಗಿ ಚಿಲಕ, ಸ್ಕ್ರೂ ತಂದರು. ಆ ಹಲಸಿನ ಹಲಗೆಗೆ ತೂತು ಹೊಡೆಯಲು ಹೋಗಿ ಡ್ರಿಲ್ಲಿನ ಮೊನೆ ಮುರಿಯಿತು. ಇನ್ನೊಂದು ತಂದರು. ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಿದ್ದ ಹಳದಿ ಮರದ ಪುಡಿಯನ್ನು ಅಂಗೈಯಿಂದ ಒಟ್ಟು ಮಾಡುತ್ತಿದ್ದರು. ಮೇಸ್ತ್ರಿ ಬಂದವನು ನೋಡಿ, "ಎಂತ ಅಮ್ಮಾವ್ರೇ, ಮನೆ ಮಾರಿದ್ರಾ?" ಎಂದು ಗಾಬರಿಯಾದ. "ಹೋಗೋ ಮಾರಾಯ. ಪಿಕ್ನಿಕ್ಕು" ಅಂದರು ಅತ್ತೆ.

ಹೊರಡುವ ದಿನ ಸಾಮಾನನ್ನು ನಾನೇ ಹೇರಿದೆ, ಭಾರದ್ದು ಮುಂದಕ್ಕೆ. ಅತ್ತೆ ಹಣತೆ, ಎಣ್ಣೆಯ ಸೀಸೆ, ಬತ್ತಿ, ಬೆಂಕಿಪೆಟ್ಟಿಗೆಯನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಕೂತರು. ಇವರು ಬೀಗ ಹಾಕಿ ಕೀಲಿಯನ್ನು ಅವರ ಕೈಗೆ ಕೊಟ್ಟರು. ಅವರು ಇಳಿದು ಹೋಗಿ, ಬೀಗವನ್ನು ಎರಡು ಸಲ ಎಳೆದು ನೋಡಿ ಬಂದರು. ಯಾರೂ ಕಲಿಸದೆ ಅದು ಹೇಗೆ ಗೊತ್ತಾಯಿತೋ.

ದಾರಿಯುದ್ದಕ್ಕೂ ಅವರು ಹೊರಗೆ ನೋಡುತ್ತಲೇ ಇದ್ದರು. ಕಳಸದ ದಾರಿ ಅವರಿಗೆ ಹೊಸದಲ್ಲ, ದೇವಸ್ಥಾನಕ್ಕೆ ಹೋಗಿ ಸಂಜೆಯೊಳಗೆ ಬಂದದ್ದುಂಟು. ಆದರೆ ಈ ಸಲ ಗಂಟೆ ಎಷ್ಟಾಯಿತೆಂದು ಕೇಳಲಿಲ್ಲ. ಗಾಡಿಯೂ ಬಾಲ ಅಲ್ಲಾಡಿಸಲಿಲ್ಲ. ಪರಿಚಯದವರ ತೋಟ ದಾಟಿ, ಫಸ್ಟ್ ಗೇರಿನಲ್ಲಿ ಏರಿ, ಹುಲ್ಲು ಶುರುವಾಗುವ ಅಂಚಿನಲ್ಲಿ ನಿಲ್ಲಿಸಿದೆವು. ಇವರು ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿಯ ಜಾಕು ತಿರುಗಿಸುತ್ತ ಮಟ್ಟ ಮಾಡಿದರು. ಮೇಜಿನ ಮೇಲೆ ಒಂದು ತಟ್ಟೆ ನೀರಿಟ್ಟು ನಾನು ಒಳಗಿನಿಂದ, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುತ್ತಿದ್ದೆ. ನೀರು ಅಲುಗದೆ ನಿಂತಿತು.

ಸೂರ್ಯ ಇಳಿಯುವ ಹೊತ್ತಿಗೆ ಅತ್ತೆ ಮುಖ ತೊಳೆದು ಹಣತೆ ಹಚ್ಚಿದರು. ಬೆಂಚಿನ ಮೇಲೆ ಕಾಲು ಮಡಚಿ ಕೂತು, ನಮ್ಮಿಬ್ಬರನ್ನೂ ನೋಡಿ, "ಮತ್ತೆಂತಕ್ಕೆ ಇಲ್ಲೇ ನಿಂತ್ಕೊಂಡಿದೀರಾ? ಗುಡ್ಡ ಹತ್ತಿ ಬನ್ನಿ ಇಬ್ರೂ" ಅಂದರು.

"ನೀವೊಬ್ರೇ..." ಅಂದೆ.

"ಒಬ್ಳೇ ಎಂತ? ನಾನು ಮನೇಲಿದೀನಲ್ಲ" ಅಂದರು.

ನಾನು ಇವರ ಮುಖ ನೋಡಿದೆ. ಇವರು ಆಗಲೇ ಟಾರ್ಚು ಹುಡುಕುತ್ತಿದ್ದರು. ಆಗ ನನಗೆ ಅರ್ಥವಾಯಿತು, ಅತ್ತೆ ಬಂದದ್ದು ನಮ್ಮ ಜೊತೆಗಲ್ಲ. ಒಬ್ಬರು ಇರಬೇಕು ಎಂಬ ಕಾನೂನನ್ನು ಅವರು ಮುರಿದಿರಲಿಲ್ಲ. ಮನೆಯನ್ನೇ ಇಲ್ಲಿಯವರೆಗೆ ಎಳೆದು ತಂದು, ಅದರಲ್ಲಿ ತಾವು ಕೂತು, ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಾವು ಹತ್ತಿದೆವು. ಹುಲ್ಲು ಮೊಣಕಾಲಿನವರೆಗಿತ್ತು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಎಲ್ಲೋ ಒಂದು ಕಡೆ ಇವರು ಕೈ ಹಿಡಿದು ಹತ್ತಿಸಿದರು, ಕಲ್ಲು ದಾಟಿದ ಮೇಲೂ ನಾನು ಬಿಡಲಿಲ್ಲ. ನೆತ್ತಿಯ ಮೇಲೆ ಗಾಳಿ. ಬಂಡೆಯ ಮೇಲೆ ಕೂತು ಕಣಿವೆಯಾಚೆ ನೋಡಿದೆವು. ಅಲ್ಲಿ ಒಂದೊಂದೇ ದೀಪ ಹತ್ತಿಕೊಳ್ಳುತ್ತಿತ್ತು. ಇವರು ಬೆರಳು ತೋರಿಸಿ, ಅದು ಇಂಥವರ ಮನೆ, ಅದು ಆಳುಗಳ ಲೈನ್ ಮನೆಗಳು, ಅದರ ಮೇಲೆ ನಮ್ಮ ಸಿಲ್ವರ್ ಓಕಿನ ಸಾಲು ಇರಬೇಕು ಎಂದು ಹೇಳುತ್ತಿದ್ದರು. ನಮ್ಮ ಮನೆ ಎಲ್ಲಿ ಎಂದು ಕೇಳಿದೆ. ಅವರ ಬೆರಳು ಅಲ್ಲಿ ಇಲ್ಲಿ ಆಡಿ ನಿಂತಿತು. ಹುಟ್ಟಿ ಬೆಳೆದ ಮನೆ, ಅವರಿಗೇ ಸಿಗಲಿಲ್ಲ. ಇಷ್ಟು ವರ್ಷ ಬಟ್ಟೆ ಒಣಹಾಕುತ್ತ ಇಲ್ಲಿಂದ ನೋಡಬೇಕೆಂದುಕೊಂಡ ಮನೆ, ನಾನು ಬಂದ ದಿನವೇ ಕಾಣಲಿಲ್ಲ. ನನಗೆ ನಗು ಬಂತು. ಇವರೂ ನಕ್ಕರು. ಇಳಿಯುವಾಗ ಕೆಳಗೆ ಗಾಡಿಯ ಕಿಟಕಿಯಲ್ಲಿ ಹಣತೆ ಕಾಣುತ್ತಿತ್ತು, ದಾರಿ ತಪ್ಪುವ ಪ್ರಶ್ನೆಯೇ ಇರಲಿಲ್ಲ.

ಅತ್ತೆ ಬೆಂಚಿನ ಮೇಲೆ ಮಲಗಿದ್ದರು. ಕಣ್ಣು ತೆರೆದಿತ್ತು.

"ಕಂಡಿತಾ ಮನೆ?" ಎಂದು ಕೇಳಿದರು.

"ಇಲ್ಲ ಅತ್ತೆ. ನಮ್ಮನೆ ಕಡೆ ಕತ್ಲು."

ಅವರು ಕಂಬಳಿ ಎಳೆದುಕೊಂಡರು.

"ಮಲಗ್ಲಿ ಬಿಡು," ಅಂದರು. "ಅದೂ ಎಷ್ಟು ವರ್ಷ ಅಂತ ಎಚ್ಚರ ಇರ್ತದೆ."

ಅಷ್ಟು ಹೇಳಿ ಗೋಡೆಯ ಕಡೆ ಮಗ್ಗುಲಾದರು. ನಾವು ಊಟ ಬಡಿಸಿಕೊಳ್ಳುವಷ್ಟರಲ್ಲಿ ಅವರ ಉಸಿರು ನಿಧಾನವಾಗಿತ್ತು. ನಮಗಿಂತ ಮೊದಲು ಅವರು ನಿದ್ದೆ ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಟ್ಟೆ ತೊಳೆದು, ದೀಪಕ್ಕೆ ಇನ್ನಷ್ಟು ಎಣ್ಣೆ ಬಿಟ್ಟೆ. ಗಾಡಿಯ ಬಾಗಿಲು ತೆರೆದೇ ಇತ್ತು. ಅದನ್ನು ಸದ್ದಾಗದ ಹಾಗೆ ಎಳೆದು, ಚಿಲಕ ಹಾಕಿದೆ.